ಅಜ್ಜಿಯೊಡನೆ ಮೈತ್ರಿ

ಶತ್ರುಪಕ್ಷದ ಘನತೆವೆತ್ತ ಅಕ್ಕನಿಗೆ,

ದೇಶಗಳು ಕೂಟ ಕಟ್ಟಿಕೊಂಡರೆ ಯುದ್ಧವೇ ನಡೆಯದು ಎಂದು ವಾದಿಸಿ ನೀನು ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದೆ. ಮನೆಗೆ ಬಂದವಳೇ ಅಣ್ಣನೊಡನೆ ಕೂಟ ಕಟ್ಟಿ, ನಾವು ಮೂವರೂ ಮಲಗುವ ಕೋಣೆಯಲ್ಲಿ ಕಿಟಕಿ ಪಕ್ಕದ ನನ್ನ ಮಂಚ ಕಿತ್ತುಕೊಂಡು ನನ್ನನ್ನು ಅಜ್ಜಿಯ ಕೋಣೆಗೆ ಅಟ್ಟಿದೆ. "ನಾವಿಬ್ರು, ನೀನೊಬ್ಬ. ತೆಪ್ಪಗೆ ಹೋಗಿ ಮಲ್ಕೋ" ಎಂದ ಅಣ್ಣ. ಯುದ್ಧ ನಡೆಯಲಿಲ್ಲ, ನಿಜ, ನನಗೆ ಸೈನ್ಯವಿರಲಿಲ್ಲ.

ಹಾಗಾಗಿ ನಾನೂ ಅಜ್ಜಿಯೊಡನೆ ಮೈತ್ರಿ ಮಾಡಿಕೊಂಡೆ. ಅವಳ ಗೊರಕೆಗೆ ಗೋಡೆಯ ಸುಣ್ಣ ಉದುರುತ್ತದೆಂದು ನಿನಗೆ ಗೊತ್ತು. "ನನ್ನ ಮಂಚಕ್ಕೆ ಕಿಟಕಿ ಗಾಳಿ ಚೆನ್ನಾಗಿ ಬರುತ್ತೆ ಅಜ್ಜಿ" ಎಂದೆ. "ಅಯ್ಯೋ ನನ್ನ ಬಂಗಾರ, ಇವತ್ತಿಂದ ಅಲ್ಲೇ ಮಲಗ್ತೀನಿ" ಎಂದಳು.

ದಯವಿಟ್ಟು ಸಂಜೆಯೊಳಗೆ ಮಂಚ ತೆರವು ಮಾಡಿ, ನಿನ್ನ ಚಾಪೆಯನ್ನು ಅದರ ಪಕ್ಕದಲ್ಲೇ ಹಾಸಿಕೋ. ಒಂದು ಕೂಟದಿಂದ ಶಾಂತಿ ಬರುವುದಾದರೆ ಎರಡರಿಂದ ದುಪ್ಪಟ್ಟು ಬರಬೇಕು. ಎಷ್ಟು ಬಂತೆಂದು ನಾಳೆ ನಿಮ್ಮಿಬ್ಬರ ಕಣ್ಣು ನೋಡಿ ತಿಳಿದುಕೊಳ್ಳುತ್ತೇನೆ.

ನಿನ್ನ ಸುಖನಿದ್ರೆ ಕೋರುವ,
ತಮ್ಮ