ಡೋರ್ ಲಾಕ್

ಮೇ 5, ಸೋಮವಾರ
‘ಒಳಗೇ ಇರುವವಳಿಗೆ ಬೀಗದ ಹಂಗೇನು’ — ಎಲ್ಲಿ ಓದಿದ ಸಾಲು? ಮುಂದಿನದು ನೆನಪಿಲ್ಲ. ಖರೇನಾ ಅದು? ಶಾಲೆಗೆ ರಜೆ, ಇಡೀ ದಿನ ಒಳಗೇ ಇದ್ದೆ. ಆದರೂ ಗ್ರಿಲ್‌ಗೆ ಸಿಕ್ಕಿಸಿಹೋದ ಕರೆಂಟ್ ಬಿಲ್ಲಿನಲ್ಲಿ ‘ಡೋರ್ ಲಾಕ್’. ಹಿಂದಿನ ರೀಡಿಂಗ್ 3418, ಈಗಿನದೂ 3418. ಬಳಕೆ ಮಾತ್ರ 46 ಯುನಿಟ್ — ಹಿಂದಿನ ತಿಂಗಳುಗಳ ಸರಾಸರಿ. ಅಂದಾಜು. ಗೃಹಜ್ಯೋತಿ ಇದೆ, ಕಟ್ಟುವುದೇನಿಲ್ಲ. ಆದರೆ ಸುಳ್ಳು ಯಾಕೆ?

ಮೇ 6
ಮೀಟರ್ ನಾನೇ ಓದಿದೆ. ವರಾಂಡದೊಳಗೆ, ಸ್ಟೂಲ್ ಹತ್ತಿ. ತಾರೀಖು, ವೇಳೆ, ಅಂಕಿ — ತಾವೇ ಬದಲಾಗುತ್ತವೆ. ಅಂಕಿಯ ಪಕ್ಕದಲ್ಲಿ ಯುನಿಟ್ಟಿನ ಗುರುತು ಕೆಡಬ್ಲ್ಯೂಎಚ್ ಬರುವ ತನಕ ಕಾಯಬೇಕು. 3475.2. ಚುಕ್ಕಿಯ ನಂತರದ್ದು ಬಿಡುವುದು. ಅಂದರೆ 57. ಅಂದಾಜಿಗಿಂತ ಹನ್ನೊಂದು ಹೆಚ್ಚು. ಮುಂದಿನ ಸಲ ಖರೇ ರೀಡಿಂಗ್ ಆದಾಗ ಸರಿಹೋಗುತ್ತದೆ. ನಾಳೆ ಕರೆಂಟ್ ಆಫೀಸಿಗೆ ಹೋಗಿ ಕೇಳಿಯೇ ಬಿಡುತ್ತೇನೆ.

ಮೇ 7
ಮೀಟರ್ ರೀಡರ್ ಅಮರೇಶ ಅಲ್ಲೇ ಇದ್ದ. ನನ್ನ ಹಳೇ ವಿದ್ಯಾರ್ಥಿ.
“ಮನ್ಯಾಗ ಇದ್ದೆನಲ್ಲೋ, ಬೀಗ ಅಂತ ಹ್ಯಾಂಗ ಹಾಕಿದಿ?”
“ಅಕ್ಕೋರ, ಐದ ಸಲ ಬೆಲ್ ಒತ್ತೇನ್ರಿ. ಗ್ರಿಲ್ಲಿಗೆ ಒಳಗಿಂದ ಕೀಲಿ. ಕಿಡಕ್ಯಾಗ ಪುಸ್ತಕ ಹಿಡಕೊಂಡ ಕುಂತಿದ್ರಿ. ಒದರಿದೆ, ತಿರುಗಿ ನೋಡಲಿಲ್ಲ. ನಮ್ಮ ಮಿಷನ್ನ್ಯಾಗ ‘ಅಕ್ಕೋರಿಗೆ ಸಿಟ್ಟ ಬಂದೈತಿ’ ಅನ್ನೋ ಬಟನ್ ಇಲ್ರಿ!”
ಎಲ್ಲರೂ ನಕ್ಕರು. ನಾನೂ.

ಅದೇ ದಿನ, ಸಂಜೆ 5
ಹೊರಗೆ ನಿಂತು ಬೆಲ್ ಒತ್ತಿದೆ. ಕೇಳಲಿಲ್ಲ. ಕೆಟ್ಟಿದೆ! ಎಷ್ಟು ಸಮಾಧಾನ... ಆದರೂ ಪಕ್ಕದ ಮನೆಯ ಕಾಶೀಂಬಿಗೆ ಒತ್ತುತ್ತಿರಲು ಹೇಳಿ, ಒಳಗೆ ಬಂದು ಗೋಡೆಯ ಬೆಲ್ಲಿನ ಮೇಲೆ ಬೆರಳಿಟ್ಟೆ. ನಡುಗುತ್ತಿತ್ತು.
“ಚಲೋ ಐತಲ್ರಿ,” ಅಂದಳು.
ಹೌದು ಅಂದೆ.

ಮೇ 19
ಬರೆಯಲು ಅಂಜಿಕೆ. ಬರೆದರೆ ಖರೇ ಆಗುತ್ತದೆ.
ಬೆಳಿಗ್ಗೆ ಆರಕ್ಕೆ ಗಜೇಂದ್ರಗಡದ ಬಸ್ಸು ಮನೆ ಮುಂದೆ ಹಾರ್ನ್ ಹಾಕುತ್ತಿತ್ತು. ಈಚೆಗೆ ಕೇಳುತ್ತಿರಲಿಲ್ಲ, ಬಸ್ಸನ್ನೇ ನಿಲ್ಲಿಸಿದ್ದಾರೆ ಅಂದುಕೊಂಡಿದ್ದೆ. ಇಂದು ಎದ್ದು ಕಿಟಕಿಯಲ್ಲಿ ನಿಂತೆ. ಬಸ್ಸು ಬಂತು. ಹೋಯಿತು.
ಎಷ್ಟು ತಿಂಗಳಿಂದ ಹೀಗೆ? ತುಟಿ ನೋಡಿ, ಅರ್ಧ ಕೇಳಿ, ಉಳಿದದ್ದು ಅಂದಾಜು. ಹೋದ ವರ್ಷ ಪದ್ಯ ಓದುವಾಗ ಹಿಂದಿನ ಬೆಂಚಿನವರು ನಗುತ್ತಿದ್ದರು. ಪದ್ಯಕ್ಕೇ ನಗುತ್ತಿದ್ದರೇ? ಕೇಳದ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಪ್ಪತ್ತೆರಡು ವರ್ಷ ಅದೊಂದೇ ಮಾಡಿದ್ದೇನೆ.
ಗದಗಿನಲ್ಲಿ ಕಿವಿ ಡಾಕ್ಟರ್ ಇದ್ದಾರೆ. ಫೋನ್ ಹಚ್ಚಬೇಕು — ಅವರು ಹೇಳಿದ್ದು ಕೇಳದಿದ್ದರೆ? ಹಚ್ಚಲಿಲ್ಲ. ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ.

ಮೇ 27, ಮಂಗಳವಾರ
ಗುರುವಾರ ಶಾಲೆ ಶುರು.
ಈಗಷ್ಟೇ ಕಾಶೀಂಬಿ ಬಂದಿದ್ದಳು. ಗ್ರಿಲ್ ಆಚೆ ಕೈ ಬೀಸಿದ್ದು ಕಂಡು ಎದ್ದೆ. ಒಳಗೆ ಬಾ ಅಂದರೂ ಬರಲಿಲ್ಲ. ಬಾಗಿಲಲ್ಲೇ, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು —
“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನೀವು ಡೈರಿ ಬರಕೊಂತ ಬಾಯಿಬಿಟ್ಟ ಓದತೀರಿ. ನಮ್ಮ ಅಡಗಿಮನಿತನಾ ಎಲ್ಲಾ ಕೇಳತೈತ್ರಿ. ಗದಗಕ್ಕ ಯಾವಾಗ ಹೋಗೂನ್ರಿ?”