ಅವ್ವನ ಹನ್ನೊಂದು ಹಾಡುಗಳ ಕಳ್ಳತನ

ಬೇವೂರು, ಯಲಬುರ್ಗಾ ತಾಲೂಕು
20-9-2024, ಶುಕ್ರವಾರ

ಪ್ರೀತಿಯ ತಮ್ಮ ಯಮನೂರನಿಗೆ,

ನಿನ್ನ ಅಕ್ಕ ಅನುಸೂಯಾ ಮಾಡುವ ಆಶೀರ್ವಾದಗಳು. ಆರೋಗ್ಯವಾಗಿದ್ದೀಯಾ? ಪಾದಕ್ಕೆ ಜಿಗಣೆ ಕಚ್ಚಿ ಹುಣ್ಣಾಗಿದೆ ಎಂದು ಬರೆದಿದ್ದೆ, ಮಾಯಿತೇ? ನಿಮ್ಮ ಕಾಡಿನ ಕ್ಯಾಂಪಿನಲ್ಲಿ ಅಡುಗೆ ಮಾಡುವವನು ಸಿಕ್ಕ ಸೊಪ್ಪನ್ನೆಲ್ಲ ಸಾರಿಗೆ ಹಾಕುತ್ತಾನಂತೆ. ಮೊದಲು ಅವನು ಉಣ್ಣಲಿ, ಅರ್ಧ ತಾಸು ಬಿಟ್ಟು ನೀನು ಉಣ್ಣು, ನಾಚಿಕೆ ಪಡಬೇಡ. ಫಾರೆಸ್ಟ್ ಗಾರ್ಡ್ ಆದವನು ಹುಲಿಗೆ ಹೆದರದಿದ್ದರೂ ಸೊಪ್ಪಿಗೆ ಹೆದರಬೇಕು. ಅಂಗನವಾಡಿ ಮಕ್ಕಳ ತಟ್ಟೆಗೂ ನಾನು ಮೊದಲು ಬೆರಳು ಹಚ್ಚಿ ನೋಡುವವಳು, ನನ್ನ ಸ್ವಭಾವ ನಿನಗೆ ಹೊಸದೇನಲ್ಲ. ಮಳೆ ನಿಲ್ಲುವ ತನಕ ನೀನು ಗುಡ್ಡ ಇಳಿಯುವಂತಿಲ್ಲ, ಅಲ್ಲಿ ಫೋನೂ ಹತ್ತುವುದಿಲ್ಲ, ಹೀಗಾಗಿ ಈ ಕಾಗದ. ನಿಮಗೆ ರೇಷನ್ ತರುವ ಜೀಪಿನವನು ಇದನ್ನು ಒಡೆದು ಓದುತ್ತಾನೆಂದು ನನಗೆ ಮೊದಲಿನಿಂದಲೂ ಅನುಮಾನ. ಓದಲಿ. ಅವನಿಗೂ ನನ್ನ ನಮಸ್ಕಾರ ತಿಳಿಸು.

ಅವ್ವ ಯುಗಾದಿಯಲ್ಲಿ ಲಕ್ವಾ ಹೊಡೆದಾಗ ಹೇಗಿದ್ದಳೋ ಹಾಗೆಯೇ ಇದ್ದಾಳೆ. ಎಡಗೈ ಆಡುತ್ತದೆ, ಬಾಯಿ ಒಂದು ಕಡೆ ವಾಲಿದೆ, ಮಾತಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಎರಡು ತುತ್ತು ಉಣ್ಣುತ್ತಾಳೆ. ಸಂತೋಷದ ಸುದ್ದಿಯೆಂದರೆ ನನ್ನ ಮಗಳು ಶೋಭಾರಾಣಿಯ ಲಗ್ನ ಗೊತ್ತಾಯಿತು. ಶ್ರಾವಣದ ಎರಡನೇ ಸೋಮವಾರ ಕಿನ್ನಾಳದ ಬೀಗರು ಬಂದು ಎಲೆ ಅಡಿಕೆ ಬದಲಾಯಿಸಿಕೊಂಡು ಹೋದರು. ಹುಡುಗ ಗೊಂಬೆಗೆ ಬಣ್ಣ ಹಾಕುವ ಮನೆತನದವನು, ಕೈ ಶುದ್ಧ, ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ನನಗೆ ನಂಬಿಕೆ ಕಡಿಮೆಯೇ. ಅವನ ಸಾಲಿ ಮಾಸ್ತರರನ್ನೂ, ಅವನು ಚಹಾ ಕುಡಿಯುವ ಅಂಗಡಿಯವನನ್ನೂ ಕೇಳಿಕೊಂಡು ಬಂದೆ. ಇಬ್ಬರೂ ಒಂದೇ ಥರ ಹೊಗಳಿದರು. ಮೊದಲೇ ಮಾತಾಡಿಕೊಂಡಿದ್ದರೋ ಏನೋ, ಆದರೂ ಹೂಂ ಅಂದೆ. ಶೋಭಾ ನಗುನಗುತ್ತ ಇದ್ದಾಳೆ, ಅಷ್ಟು ಸಾಕು.

ಇನ್ನು ಮುಖ್ಯ ವಿಷಯ. ಸಂಕ್ರಾಂತಿ ರಜೆಯಲ್ಲಿ ನೀನು ಅವ್ವನ ಹಾಡು ರೆಕಾರ್ಡ್ ಮಾಡಿದ್ದು ನೆನಪಿದೆಯಲ್ಲ. ಸುತ್ತ ಹತ್ತೂರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಾಡಿಕೊಂಡು ಅಳಲು ಅವ್ವನೇ, ಫಕೀರಮ್ಮನೇ ಬೇಕು ಎನ್ನುವ ಕಾಲ ಅದು. ಸೋಬಾನದ ಹಾಡುಗಳನ್ನು ಪಡಸಾಲೆಯಲ್ಲೇ ಹಾಡಿದಳು. ಅಳುವ ಹಾಡು ಎಂದಕೂಡಲೇ ಎದ್ದು ನಿಂತಳು. "ಮನಿಯಾಗ ಹಾಡಂಗಿಲ್ಲಪಾ. ಹೆಣ ಇಲ್ಲದ ಮನಿಯಾಗ ಈ ಹಾಡು ಹಾಡಿದ್ರ ಹೆಣ ಹುಡುಕ್ಕೋತ ಬರತೈತಿ" ಅಂದಳು. ಕಡೆಗೆ ನೀನು ಹೊಲದಲ್ಲಿ ನಾಲ್ಕು ಗೂಟ ನೆಟ್ಟು, ಸುತ್ತ ಕೌದಿ ಕಟ್ಟಿ, ಒಳಗೆ ಅವಳನ್ನು ಕೂರಿಸಿ ಹನ್ನೊಂದು ಹಾಡು ಹಾಡಿಸಿದೆ. ಮೂರು ತಿಂಗಳಿಗೆ ಅವಳ ಬಾಯಿ ಬಿದ್ದುಹೋಯಿತು. ನಮ್ಮವ್ವನ ದನಿ ಅಂತ ಈ ಭೂಮಿಯ ಮೇಲೆ ಉಳಿದಿದ್ದು ಆ ರೆಕಾರ್ಡಿಂಗ್ ಒಂದೇ.

ಭೂಮಿಯ ಮೇಲೆ ಎಂದೆ, ಆದರೆ ನೀನು ಅದನ್ನು ಕ್ಲೌಡಿನಲ್ಲಿ ಇಟ್ಟೆ. ನನ್ನ ಫೋನಿಗೂ ನಿನ್ನ ಲ್ಯಾಪ್‌ಟಾಪಿಗೂ ಜೋಡಿಸಿದೆ. ಆಗಲೇ ನಾನು ಕೇಳಿದೆ, ಅದು ಯಾರ ಮನೆ, ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಅಂತ. ನೀನು ನಕ್ಕು, "ಅಕ್ಕಾ, ಹಗೇವು ಇದ್ದಂಗ ತಿಳ್ಕೊ. ಫೋನ್ ಬಿದ್ದು ಒಡದ್ರೂ ಒಳಗಿನ ಕಾಳು ಎಲ್ಲಿ ಹೋಗಂಗಿಲ್ಲ" ಅಂದೆ. ಅಪ್ಪನ ಕಾಲದ ಹಗೇವು ನನಗೆ ಗೊತ್ತು. ನೆಲದಡಿ ಜೋಳ, ಅದಕ್ಕೆ ಒಂದೇ ಬಾಯಿ, ಬಾಯಿಯ ಮೇಲೆ ಕಲ್ಲು, ಕಲ್ಲಿನ ಮೇಲೆ ಅಪ್ಪ ಮಲಗುತ್ತಿದ್ದ. ನಿನ್ನ ಮೋಡದ ಮೇಲೆ ಮಲಗುವವರು ಯಾರು? ಅದು ಸಾಲದು ಎಂದು ಗಂಗಾವತಿಯ ಸ್ಟುಡಿಯೋದ ಮುಬಾಶಿರಾಳಿಗೂ ಒಂದು ದಾರಿ ತೆರೆದುಕೊಟ್ಟೆ. ಹಾಡಿನ ನಡುವೆ ಆಡು ಒದರಿದ್ದು, ಪಂಪಸೆಟ್ಟು ಗುಡುಗುಟ್ಟಿದ್ದು ಎಲ್ಲ ತೆಗೆದು ಅವ್ವನ ದನಿ ಚೊಕ್ಕ ಮಾಡುತ್ತಾಳಂತೆ. ಕಾಲುವೆ ನೀರು ಕುಡಿದ ಆ ಸೀಮೆಯವರ ಮಾತು ಯಾವಾಗಲೂ ಮೆತ್ತಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವತ್ತೇ ಹೇಳಿದ್ದೆ.

ಈಗ ಕೇಳು. ಹೋದ ಭಾನುವಾರ ನಮ್ಮ ಓಣಿಯ ಕರಿಬಸಪ್ಪಜ್ಜ ತೀರಿಕೊಂಡ. ಅವರ ಮನೆಯ ಹೆಂಗಸರು ಬಂದು, "ಫಕೀರಮ್ಮಗ ಬಾಯಿ ಇಲ್ಲ, ಫೋನಿನ್ಯಾಗರ ಆಕಿ ಹಾಡು ಹಚ್ಚವಾ, ಅಜ್ಜ ಹಾಡಿಲ್ಲದ ಹೋಗಬಾರದು" ಅಂದರು. ನಾನು ಹೆಣದ ಮುಂದೆ ಕೂತು ಫೋನು ತೆರೆದೆ. ಸೋಬಾನದ ಹಾಡುಗಳೆಲ್ಲ ಇದ್ದವು. ಅಳುವ ಹಾಡಿನ ಗೂಡು, ನೀನು ಫೋಲ್ಡರ್ ಅನ್ನುವುದು, ಅದು ಮಾತ್ರ ಖಾಲಿ. ಮೇಲಿನ ಕ್ಲೌಡಿನಿಂದ ಇಳಿಸೋಣವೆಂದರೆ ಮೇಲೂ ಖಾಲಿ. ನಲವತ್ತು ಮಂದಿ ನನ್ನ ಮುಖ ನೋಡುತ್ತ ಕೂತಿದ್ದರು. ಅಜ್ಜನನ್ನು ಹಾಡಿಲ್ಲದೆ ಎತ್ತಿಕೊಂಡು ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆ ಗೂಡಿಗೆ ಕೈ ಹಾಕಬಲ್ಲವರು ಮೂವರೇ. ನೀನು ನೆಟ್ ಇಲ್ಲದ ಕಾಡಿನಲ್ಲಿದ್ದೀ, ನಾನು ಇಲ್ಲಿದ್ದೇನೆ. ಉಳಿದವಳು ಯಾರು? ಮರುದಿನವೇ ಗಂಗಾವತಿಗೆ ವಿಡಿಯೋ ಕಾಲ್ ಹಚ್ಚಿ ಜಾಡಿಸಿದೆ. "ಅಕ್ಕಾರ, ನಾ ಯಾಕ ತಗೊಳ್ಳಲ್ರಿ, ನನ್ನ ಹತ್ರ ಕೆಲಸ ಮಾಡಾಕ ಅಂತ ಒಂದು ಕಾಪಿ ಐತಿ, ಅಷ್ಟರಿ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಮಗೆ ಗೊತ್ತಿಲ್ಲದೆ ಕಾಪಿ ಯಾಕೆ? ನಾಳೆ ನಮ್ಮವ್ವನ ಅಳುವನ್ನು ಯಾರಾದರೂ ರೀಲ್ಸಿಗೆ ಹಾಕಿಕೊಂಡು ಕುಣಿದರೆ? ನಾನು ಬಿಡಲಿಲ್ಲ. ಫೋನನ್ನು ಕಂಪ್ಯೂಟರಿನ ಕಡೆ ಹಿಡಿಸಿ, ನನ್ನ ಕಣ್ಣೆದುರಿಗೇ ಹನ್ನೊಂದನ್ನೂ ಒಂದೊಂದಾಗಿ ಅಳಿಸಿಸಿದೆ. ಕಸದ ಡಬ್ಬಿಯನ್ನೂ ಖಾಲಿ ಮಾಡಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಕಳ್ಳರಿಗೂ ನೀರು ಬರುತ್ತದೆ. ನೀನು ಮಹಾನವಮಿಗೆ ಇಳಿದು ಬಂದಮೇಲೆ ಕ್ಲೌಡಿನಲ್ಲಿ ಎಲ್ಲಿ ಬಚ್ಚಿಟ್ಟಿದ್ದಾಳೋ ಹುಡುಕಿ ತೆಗೆದು, ಮೊದಲು ಅವಳ ದಾರಿ ಮುಚ್ಚು. ಇನ್ನುಮುಂದೆ ಅವಳ ಹೆಸರು ಈ ಮನೆಯಲ್ಲಿ ಬೇಡ.

ಅವ್ವನ ಎಡಗೈಯನ್ನು ಈ ಕಾಗದದ ಮೇಲೆ ಆಡಿಸಿ ಕಳಿಸುತ್ತಿದ್ದೇನೆ, ಅದನ್ನೇ ಅವಳ ಆಶೀರ್ವಾದವೆಂದು ತಿಳಿ. ಶೋಭಾ ಮಾವನಿಗೆ ನಮಸ್ಕಾರ ಹೇಳಿದ್ದಾಳೆ. ಒದ್ದೆ ಬೂಟಿನಲ್ಲಿ ಕಾಲು ಇಡುವ ಮೊದಲು ಕೊಡವಿ ನೋಡು.

ಇಂತಿ ನಿನ್ನ ಅಕ್ಕ,
ಅನುಸೂಯಾ

ತಾ.ಕ.: ಯಮನೂರಾ, ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮುಬಾಶಿರಾ ಬಂದಳು. ಗಂಗಾವತಿಯಿಂದ ಕೊಪ್ಪಳ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದಿದ್ದಾಳೆ. ನೀರು ಕೂಡ ಕುಡಿಯಲಿಲ್ಲ. ನನ್ನ ಫೋನು ಇಸಿದುಕೊಂಡು, ಆ ಗೂಡಿನಲ್ಲಿ ಯಾರು ಯಾವತ್ತು ಏನು ಮಾಡಿದರು ಎನ್ನುವ ಪಟ್ಟಿ ತೆಗೆದು ಮುಂದೆ ಹಿಡಿದಳು. ಆಗಸ್ಟ್ 12, ಮುಂಜಾನೆ. ಅಳಿಸಿದವರು ಅನುಸೂಯಾ. ಹನ್ನೊಂದು ಸಲ ನನ್ನದೇ ಹೆಸರು.

ಅದು ಶೋಭಾಳ ನಿಶ್ಚಯದ ದಿನ. ಫೋನನ್ನು ದೇವರ ಜಗುಲಿಯ ಮೇಲೆ ಎಲೆ ಅಡಿಕೆಯ ತಟ್ಟೆಯ ಪಕ್ಕ ಇಟ್ಟಿದ್ದೆ. ಲಗ್ನ ಗೊತ್ತಾಗುವ ಮನೆಯಲ್ಲಿ, ದೇವರ ಮುಂದೆ, ಹನ್ನೊಂದು ಸಾವಿನ ಹಾಡು ಒಳಗಿಟ್ಟುಕೊಂಡ ಫೋನು ಎಂದು ಹೆದರಿದೆ. ಮನೆಯ ಚೀಲ ಕೊಡವಿದರೆ ಹಗೇವಿನ ಕಾಳಿಗೇನು ಎಂದು ಹಾಡುಗಳನ್ನು ಫೋನಿನಿಂದ ತೆಗೆದುಬಿಟ್ಟೆ. ಸಡಗರದಲ್ಲಿ ಮರೆತೂ ಬಿಟ್ಟೆ. ಇದನ್ನು ಕೇಳಿ ಮುಬಾಶಿರಾ, "ಇದು ಹಗೇವಲ್ಲರೀ ಅಕ್ಕಾರ. ಒಂದು ಕಡೆ ಅಳಿಸಿದ್ರ ಎಲ್ಲಾ ಕಡೆ ಅಳಿಸ್ತೈತಿ" ಅಂದಳು. ಅಳಿಸಿದ್ದನ್ನು ಮೂವತ್ತು ದಿನ ಕಾದಿಡುತ್ತದಂತೆ, ಅದು ಮುಗಿದು ಒಂಬತ್ತು ದಿನವಾಯಿತು. ಉಳಿದಿದ್ದು ಅವಳ ಕಾಪಿ. ಅದನ್ನು ನಾನೇ ನಿಂತು ಅಳಿಸಿಸಿದೆ. ಕಳ್ಳಿ ನಾನೇ ಯಮನೂರಾ.

ಇನ್ನಿರುವುದು ಕ್ಯಾಂಪಿನಲ್ಲಿ ನಿನ್ನ ಹತ್ತಿರವಿರುವ ಲ್ಯಾಪ್‌ಟಾಪೊಂದೇ. ಜೂನಿನಿಂದ ಅದು ನೆಟ್ ಕಂಡಿಲ್ಲ, ಹೀಗಾಗಿ ನಾನು ಅಳಿಸಿದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲವಂತೆ. ನೆಟ್ ಹಚ್ಚಿದ ಕೂಡಲೇ ಅದರೊಳಗಿನದೂ ಹೋಗುತ್ತದೆ. ಗುಡ್ಡ ಇಳಿದ ಕೂಡಲೇ ರೇಂಜ್ ಆಫೀಸಿನ ವೈಫೈಗೆ ಜೋಡಿಸುತ್ತೇನೆ ಎಂದು ಬರೆದಿದ್ದೀಯಲ್ಲ, ನಿನ್ನ ಕಾಲಿಗೆ ಬೀಳುತ್ತೇನೆ, ಜೋಡಿಸಬೇಡ. ಮುಬಾಶಿರಾ ತಂದ ಪೆನ್‌ಡ್ರೈವ್ ಎರಡನ್ನು ಅರಿವೆಯಲ್ಲಿ ಹೊಲಿದು ಇದರೊಳಗೆ ಇಟ್ಟಿದ್ದೇನೆ. ಕ್ಯಾಂಪಿನಲ್ಲೇ ಕೂತು ಎರಡಕ್ಕೂ ಹಾಡು ತುಂಬು. ಆಫೀಸಿಗೆ ಫೋನೂ ಮಾಡಿದೆವು, ಎತ್ತಿದವನು "ಹೇಳುತ್ತೇವೆ" ಎಂದು ಇಟ್ಟುಬಿಟ್ಟ. ಅವನನ್ನು ನಾನು ನಂಬುವುದಿಲ್ಲ. ಜೀಪಿನವನು ಒಡೆದು ಓದುವುದಾದರೆ ಈ ಸಲ ಓದಲಿ, ಓದಿ ಓಡಿಹೋಗಿ ನಿನಗೆ ಹೇಳಲಿ.

ಮುಬಾಶಿರಾಳನ್ನು ಇವತ್ತು ಉಳಿಸಿಕೊಂಡಿದ್ದೇನೆ. ಅವ್ವನಿಗೆ ಏನೂ ಹೇಳಿಲ್ಲ. ಹಾಡು ಇವೆ ಎಂದು ನೀನು ಬರೆದ ದಿನ ಹೇಳುತ್ತೇನೆ. ಇಲ್ಲವಾದರೆ ನನಗೂ ಬರೆಯಬೇಡ.