ಬಾವಿಯ ಕಲ್ಲಿನ ಮೇಲಿದ್ದ ಕ್ರಿಯಾಪದ

ಕೆಂಪುಗುಡ್ಡ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ. ನಿಮ್ಮ ಎಣಿಕೆಯಲ್ಲಿ ಇಸವಿ ೨೪೧೭.

ಇಂದುಮತಿ ಹಡಪದ ಟೀಚರ್ ಅವರಿಗೆ ಬಸಲಿಂಗಿಯ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಬರವಣಿಗೆಯನ್ನು ನೋಡಿ ನೋಡಿ ನಿಮ್ಮ ಹಾಗೆಯೇ ಬರೆಯಲು ಪ್ರಯತ್ನಿಸಿದ್ದೇನೆ. ನಾನು ಈ ಊರಿನ ಓದಾಳು. ಹಳೆಯ ಬರಹಗಳನ್ನು ಓದಿ ಅರ್ಥ ಹೇಳುವವರನ್ನು ನಾವು ಹಾಗೆ ಕರೆಯುತ್ತೇವೆ. ಇಂಗ್ಲಿಷನ್ನು ಈಗ ಯಾರೂ ಮಾತಾಡುವುದಿಲ್ಲ. ಅದು ಕಲ್ಲುಗಳ ಮೇಲೆ, ತುಕ್ಕು ಹಿಡಿದ ಯಂತ್ರಗಳ ಮೇಲೆ ಅಷ್ಟಿಷ್ಟು ಉಳಿದಿದೆ. ನನ್ನ ಬಳಿ ಇದ್ದದ್ದು ಅಜ್ಜಿಯಿಂದ ಬಂದ ಒಂದು ಪದಪಟ್ಟಿ ಮಾತ್ರ. ಅದರಲ್ಲಿ ಓಪನ್ ಎಂದರೆ ತೆರೆ, ಕ್ಲಿಯರ್ ಎಂದರೆ ತಿಳಿ, ಹೀಗೆ ಬಿಡಿ ಮಾತುಗಳಷ್ಟೇ ಇದ್ದವು. ಮಾತಿನ ಬಾಲದಲ್ಲೂ ಅರ್ಥವಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮೂರಲ್ಲಿ ನಾನೂರು ಮನೆಗಳಿವೆ. ಪ್ರತಿ ಮನೆಯ ಮಾಳಿಗೆಯ ಮೇಲೂ ಮಂಜುಬಲೆ ಕಟ್ಟಿರುತ್ತೇವೆ. ಬೆಳಗಿನ ಇಬ್ಬನಿ ಆ ಬಲೆಯಿಂದ ಇಳಿದು ಮಡಕೆಗೆ ಬೀಳುತ್ತದೆ. ಅದು ಸಾಲದು. ಉಳಿದದ್ದನ್ನು ನೀರ್ಮನೆ, ಅಂದರೆ ನೀರು ಹಂಚುವ ಹಿರಿಯರ ಸಭೆ, ಹೊಂಡದಿಂದ ಅಳೆದು ಕೊಡುತ್ತದೆ. ಬಟ್ಟೆ ಒಗೆಯುವುದು ಅಮಾವಾಸ್ಯೆಗೊಮ್ಮೆ. ಕಳೆದ ವರ್ಷ ಹೊಂಡವೂ ತಳ ಕಂಡಿತು. ಆಗ ಎಲ್ಲರ ಕಣ್ಣು ಗುಡ್ಡದ ಕೆಳಗಿನ ಮುಚ್ಚಿದ ಬಾವಿಯ ಮೇಲೆ ಬಿತ್ತು. ಅದರ ಮೇಲೆ ಕಲ್ಲುಚಪ್ಪಡಿ, ಚಪ್ಪಡಿಯ ಮೇಲೆ ನಿಮ್ಮ ಕಾಲದ ಬರಹ. ಮೊದಲ ಮಾತಿದ್ದ ಮೂಲೆ ಒಡೆದುಹೋಗಿತ್ತು. ಉಳಿದದ್ದು ಇಷ್ಟು: ದ ವಾಟರ್ ಹ್ಯಾಡ್ ಕ್ಲಿಯರ್ಡ್, ವೀ ವುಡ್ ಹ್ಯಾವ್ ಓಪನ್ಡ್ ದಿಸ್ ವೆಲ್.

ನಾನು ಪಟ್ಟಿ ಹಿಡಿದು ಓದಿದೆ. ನೀರು ತಿಳಿಯಾಯಿತು, ನಾವು ಈ ಬಾವಿ ತೆರೆದೆವು ಎಂದು ಸಭೆಗೆ ಹೇಳಿದೆ. ವುಡ್, ಹ್ಯಾವ್ ಇವೆಲ್ಲ ಮರ್ಯಾದೆಗೆ ಸೇರಿಸಿದ ಮಾತುಗಳು ಎಂದುಕೊಂಡಿದ್ದೆ. ಊರೆಲ್ಲ ಸಂತೋಷಪಟ್ಟಿತು. ಚಪ್ಪಡಿ ಎತ್ತುವ ಕೆಲಸಕ್ಕೆ ನನ್ನ ತಮ್ಮ ಹಂಪಣ್ಣನೇ ಮೊದಲು ಹೊರಟ.

ಐದನೆಯ ದಿನ, ಕುಸಿದ ಶಾಲೆಯೊಂದರ ಗೋಡೆ ತೆಗೆಯುತ್ತಿದ್ದವರು ಒಂದು ತಗಡಿನ ಪೆಟ್ಟಿಗೆ ತಂದುಕೊಟ್ಟರು. ಒಳಗೆ ನಿಮ್ಮ ನೋಟುಪುಸ್ತಕವಿತ್ತು. ರಟ್ಟಿನ ಮೇಲೆ ನಿಮ್ಮ ಹೆಸರು, ಸಹಶಿಕ್ಷಕಿ, ಏಳನೆಯ ತರಗತಿ. ಪೆನ್ಸಿಲಿನ ಗೆರೆ ಎಳೆದು ನೀವು ಇಂಗ್ಲಿಷಿನ ವಾಕ್ ಎಂಬ ಒಂದೇ ಮಾತನ್ನು ಪುಟದ ತುಂಬ ನಡೆಸಿದ್ದಿರಿ. ವಾಕ್ಡ್, ನಡೆದೆ. ಹ್ಯಾವ್ ವಾಕ್ಡ್, ನಡೆದಿದ್ದೇನೆ. ವಿಲ್ ವಾಕ್, ನಡೆಯುವೆ. ಬರೀ ವಾಕ್, ನಡೆ ಎಂಬ ಅಪ್ಪಣೆ. ಓದುತ್ತ ಹೋದೆ. ಒಂದು ಪುಟ್ಟ ಮಾತು ನಿನ್ನೆಗೆ, ನಾಳೆಗೆ, ಇನ್ನೊಬ್ಬರ ಮೇಲಿನ ಅಧಿಕಾರಕ್ಕೆ, ಹೀಗೆ ಎಲ್ಲೆಲ್ಲಿಗೋ ಹೋಗಿಬರುತ್ತಿತ್ತು. ಕೊನೆಯ ಸಾಲಿನಲ್ಲಿ ವುಡ್ ಹ್ಯಾವ್ ವಾಕ್ಡ್ ಎಂದಿತ್ತು. ಪಕ್ಕದಲ್ಲಿ ನಿಮ್ಮ ಅಕ್ಷರ: 'ನಡೆಯುತ್ತಿದ್ದೆ, ಆದರೆ ನಡೆಯಲಿಲ್ಲ. ಮಕ್ಕಳೇ, ಇದು ಆಗದೆ ಉಳಿದದ್ದನ್ನು ಹೇಳುವ ರೂಪ.'

ವಾಕ್ ಇದ್ದಲ್ಲಿ ಓಪನ್ ಇಟ್ಟು ಓದಿದೆ. ತೆರೆಯುತ್ತಿದ್ದೆವು, ಆದರೆ ತೆರೆಯಲಿಲ್ಲ. ಒಡೆದ ಮೂಲೆಯಲ್ಲಿ ಹೋದದ್ದು ಆ 'ರೆ' ಇರಬೇಕು: ನೀರು ತಿಳಿಯಾಗಿದ್ದರೆ.

ಪುಸ್ತಕ ಎದೆಗವಚಿಕೊಂಡು ಗುಡ್ಡ ಇಳಿದು ಓಡಿದೆ. ಮಧ್ಯಾಹ್ನದ ಬಿಸಿಲು. ಚಪ್ಪಡಿ ಆಗಲೇ ಪಕ್ಕಕ್ಕೆ ಸರಿದಿತ್ತು. ಹಂಪಣ್ಣ ಮೊದಲ ಕೊಡ ಮೇಲೆತ್ತಿ ಬೊಗಸೆ ಒಡ್ಡಿದ್ದ. ಸುತ್ತ ಹೆಂಗಸರು ಬಿಂದಿಗೆ ಹಿಡಿದು ಸಾಲು ನಿಂತಿದ್ದರು.

"ಹಂಪಣ್ಣ, ಕುಡೀಬ್ಯಾಡ. ಕೆಳಗ ಚೆಲ್ಲು."

"ಯಾಕಕ್ಕ, ನೀನೇ ಹೇಳಿದ್ಯಲ್ಲ," ಎಂದ. ಆದರೂ ಬೊಗಸೆ ಬಿಟ್ಟ.

ನೀರ್ಮನೆಯ ಹಿರಿಯ ತಿಪ್ಪೇರುದ್ರಪ್ಪ ಕೋಲೂರಿಕೊಂಡು ಮುಂದೆ ಬಂದರು. "ಅವತ್ತು ತೆರೆದ್ರು ಅಂದಿ. ಇವತ್ತು ತೆರೀಲಿಲ್ಲ ಅಂತಿ. ಕಲ್ಲು ಅದೇ ಐತಿ. ನಾ ಯಾವ್ದು ನಂಬ್ಲವ್ವ?"

"ಅವತ್ತು ನಾ ತಪ್ಪು ಓದಿದ್ದೆ, ಅಜ್ಜ. ನನಗ ಗೊತ್ತಿರ್ಲಿಲ್ಲ. ಗೊತ್ತೈತಿ ಅಂತ ಹೇಳಿದ್ದೇ ದೊಡ್ಡ ತಪ್ಪು."

ನಾನೂರು ಮನೆಯವರ ಮುಂದೆ ಹಾಗೆ ಒಪ್ಪಿಕೊಂಡೆ. ಆಮೇಲೆ ನಿಮ್ಮ ಪುಟವನ್ನು ಗಟ್ಟಿಯಾಗಿ ಓದಿದೆ. ನಡೆ, ನಡೆದೆ, ನಡೆದಿದ್ದೇನೆ. ಸಾಲಿನಲ್ಲಿದ್ದವರು ನನ್ನ ಜೊತೆ ತುಟಿ ಅಲ್ಲಾಡಿಸತೊಡಗಿದರು. ಕೊನೆಯ ಸಾಲು ಮುಗಿದಾಗ ತಿಪ್ಪೇರುದ್ರಪ್ಪ ಬಗ್ಗಿ ಕೊಡದೊಳಗೆ ನೋಡಿದರು. ಬಳಿಕ, "ಹೊಂಡದಾಗಿನ ಮೂರು ಮೀನ ತರ್ರಿ, ಆ ನೀರಿಗೆ ಬಿಡ್ರಿ. ಮೀನಿಗೇನು ವ್ಯಾಕರಣ ಬ್ಯಾಡ," ಎಂದರು.

ಸಂಜೆಯೊಳಗೆ ಮೂರೂ ಹೊಟ್ಟೆ ಮೇಲಾಗಿ ತೇಲಿದವು. ಹಂಪಣ್ಣ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಿದ್ದ. ನಾನು ಅವನ ಪಕ್ಕ ಕುಳಿತು ಅತ್ತೆ.

ಬಾವಿಯನ್ನು ಮತ್ತೆ ಮುಚ್ಚಿದೆವು. ಆ ಬೇಸಿಗೆ ಎರಡು ದಿನದ ದಾರಿಯಿಂದ ನೀರು ಹೊತ್ತು ಬದುಕಿದೆವು. ಕಷ್ಟಪಟ್ಟೆವು, ಯಾರೂ ಸಾಯಲಿಲ್ಲ. ಈಗ ನಮ್ಮ ಮಕ್ಕಳು ನಿಮ್ಮ ಪುಟಗಳನ್ನು ಬಾಯಿಪಾಠ ಮಾಡುತ್ತಾರೆ. ನೀವು ಕಾಣದ ನಿಮ್ಮ ತರಗತಿ ಇದು. ನಾನೂ ಅವರ ಜೊತೆ ಕೆಳಗೆ ಕೂರುತ್ತೇನೆ. ಆಗದೆ ಉಳಿದದ್ದಕ್ಕೂ ನಿಮ್ಮವರು ಒಂದು ರೂಪ ಮಾಡಿಟ್ಟಿದ್ದರಲ್ಲ, ಆ ರೂಪದೊಳಗೆ ನಾವೆಲ್ಲ ಬದುಕಿ ಉಳಿದೆವಲ್ಲ, ಅದನ್ನು ನೆನೆದಾಗಲೆಲ್ಲ ನಿಮ್ಮ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇನೆ.

ಈ ಪತ್ರಕ್ಕೆ ಇನ್ನೊಂದು ಕಾರಣವಿದೆ. ಕಳೆದ ವಾರ ಗುಡ್ಡದ ಆಚೆ ಮಗ್ಗುಲಲ್ಲಿ ಮತ್ತೊಂದು ಮುಚ್ಚಿದ ಬಾವಿ ಸಿಕ್ಕಿದೆ. ಅದರ ಕಲ್ಲಿನ ಮೇಲೆ ಎರಡೇ ಮಾತು: ವೀ ಡ್ರ್ಯಾಂಕ್. ಆ ಎರಡನೆಯ ಮಾತು ನನ್ನ ಪಟ್ಟಿಯಲ್ಲಿಲ್ಲ. ನೀವು ಹೇಳಿಕೊಟ್ಟ 'ಡ್' ಎಂಬ ಬಾಲವೂ ಅದಕ್ಕಿಲ್ಲ. ಅಪ್ಪಣೆಯೋ, ಎಚ್ಚರಿಕೆಯೋ, ಯಾರದೋ ಹೆಸರೋ ತಿಳಿಯದು. ಚಪ್ಪಡಿ ಸರಿಸಿ ಆ ನೀರಿಗೆ ಬಿಟ್ಟ ಮೀನುಗಳೇನೋ ಬದುಕಿವೆ, ಆದರೆ ನಿಧಾನಕ್ಕೆ ಕೊಲ್ಲುವ ನೀರೂ ಇರುತ್ತದೆ. ನಿಮ್ಮ ಪುಸ್ತಕದ ಕೊನೆಯಲ್ಲಿ, ನಿಯಮ ಮೀರುವ ಕ್ರಿಯಾಪದಗಳು ಎರಡನೆಯ ಪುಸ್ತಕದಲ್ಲಿ ಎಂದು ಬರೆದಿದ್ದೀರಿ. ಶಾಲೆಯ ಮಣ್ಣನ್ನೆಲ್ಲ ಜರಡಿ ಹಿಡಿದೆವು, ಸಿಗಲಿಲ್ಲ.

ಟೀಚರ್, ಅದನ್ನು ಇನ್ನೂ ಬರೆದಿಲ್ಲವಾದರೆ ದಯಮಾಡಿ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ತಗಡಿನ ಪೆಟ್ಟಿಗೆಯಲ್ಲೇ ಇಡಿ. ನಾವು ಸರದಿಯ ಮೇಲೆ ಬಾವಿ ಕಾಯುತ್ತಿದ್ದೇವೆ. ನೀರು ಕನ್ನಡಿಯ ಹಾಗೆ ತಿಳಿಯಾಗಿದೆ. ಯಾರೂ ಬಾಯಿಗೆ ಮುಟ್ಟಿಸಿಲ್ಲ.